ಎಚ್‌ಒಎ ಶುಲ್ಕ ಏರಿಸುವ ಮೊದಲು ದಳದ ಖಾತೆ ಬೇರೆ ಮಾಡಿ

ಎಚ್‌ಒಎ (ಮನೆಮಾಲೀಕರ ಸಂಘ) ನಡೆಸುವ ಸ್ವಯಂಸೇವಕ ಅಗ್ನಿಶಾಮಕ ದಳಕ್ಕಾಗಿ ವಾರ್ಷಿಕ ಶುಲ್ಕ ಎಷ್ಟು ಏರಿಸಬೇಕು ಎಂದು ಕೇಳಿದ್ದೀರಿ. ಕೊಲರಾಡೋದ ಗುಡ್ಡಗಾಡಿನ ನಮ್ಮ ಬಡಾವಣೆಯಲ್ಲಿ ಖಜಾಂಚಿಯಾಗಿದ್ದಾಗ ನಾನೂ ಇದೇ ಲೆಕ್ಕ ಹಿಡಿದು ಕೂತಿದ್ದೆ. ಶುಲ್ಕದ ಮಾತು ಆಮೇಲೆ. ದುಡ್ಡು ಯಾರ ಹೆಸರಲ್ಲಿದೆ, ಅದನ್ನು ಮೊದಲು ನೋಡಿ.

ನಾವು ದಳವನ್ನು ಎಚ್‌ಒಎಯ ಒಂದು ಸಮಿತಿಯಾಗಿಯೇ ಉಳಿಸಿಕೊಂಡೆವು. ಅದೇ ತಪ್ಪು. ದಳಕ್ಕೆ ಬೇರೆ ನೋಂದಣಿಯಿಲ್ಲ, ಬೇರೆ ತೆರಿಗೆ ಸಂಖ್ಯೆಯಿಲ್ಲ. ನೀರಿನ ಟ್ಯಾಂಕರ್‌ಗೆಂದು ಕೂಡಿಟ್ಟ ದುಡ್ಡು ರಸ್ತೆ ರಿಪೇರಿ, ಹಿಮ ತೆಗೆಸುವ ಖರ್ಚಿನ ಖಾತೆಯಲ್ಲೇ ಇತ್ತು. ಹಿಮ ಜಾಸ್ತಿ ಬಿದ್ದ ವರ್ಷ ಎಚ್‌ಒಎಯ ಹೊಸ ಬೋರ್ಡು (ಆಡಳಿತ ಮಂಡಳಿ) ಅದಕ್ಕೇ ಕೈ ಹಾಕಿತು. ಮೋಸ ಅನ್ನಲಾಗದು, ಕಾಗದದಲ್ಲಿ ಅದು ಬೋರ್ಡಿನದೇ ದುಡ್ಡು. ದೇಣಿಗೆಯೂ ಬರಲಿಲ್ಲ, ಯಾಕೆಂದರೆ ಸಾಮಾನ್ಯ ಎಚ್‌ಒಎಗೆ ಕೊಟ್ಟದ್ದಕ್ಕೆ ತೆರಿಗೆ ವಿನಾಯಿತಿ ಸಿಗದು. ಅಮೆರಿಕದ ಕೇಂದ್ರ ವಿಪತ್ತು ನಿರ್ವಹಣಾ ಸಂಸ್ಥೆ ಫೆಮಾ ಅಗ್ನಿಶಾಮಕ ದಳಗಳಿಗೆ ಕೊಡುವ ಎಎಫ್‌ಜಿ ಅನುದಾನಕ್ಕೆ ಅರ್ಜಿ ಹಾಕಬೇಕಾದ್ದು ಮಾನ್ಯತೆ ಪಡೆದ ಅಗ್ನಿಶಾಮಕ ದಳ. ಮನೆಮಾಲೀಕರ ಸಂಘಕ್ಕೆ ಆ ಅರ್ಹತೆಯಿಲ್ಲ. ಟ್ರಕ್ ಸಂಘದ ಹೆಸರಲ್ಲಿದ್ದರೆ ಅಪಘಾತದ ಹೊಣೆಯೂ ಸಂಘದ ತಲೆಗೇ.

ಹಾಗಾಗಿ ದಳವನ್ನು ಲಾಭರಹಿತ ಸಂಸ್ಥೆಯಾಗಿ ರಾಜ್ಯದಲ್ಲಿ ನೋಂದಾಯಿಸಿ, ತೆರಿಗೆ ಇಲಾಖೆ ಐಆರ್‌ಎಸ್‌ನಿಂದ ಇಐಎನ್ (ಸಂಸ್ಥೆಯ ತೆರಿಗೆ ಸಂಖ್ಯೆ) ತೆಗೆದುಕೊಂಡು, ಫಾರ್ಮ್ 1023 ಹಾಕಿ 501(ಸಿ)(3), ಅಂದರೆ ದೇಣಿಗೆಗೆ ತೆರಿಗೆ ವಿನಾಯಿತಿ ಸಿಗುವ ದತ್ತಿ ಸಂಸ್ಥೆಯ, ಮಾನ್ಯತೆ ಕೇಳಿ. ಕೌಂಟಿಯ (ಜಿಲ್ಲಾಡಳಿತದ) ಜೊತೆ ಲಿಖಿತ ಒಪ್ಪಂದ ಇರಲಿ. ಅನುದಾನಕ್ಕೆ ಬೇಕಾದ ಸ್ಯಾಮ್ ಡಾಟ್ ಗವ್ (ಕೇಂದ್ರ ಸರ್ಕಾರದ ಜಾಲತಾಣ) ನೋಂದಣಿ ಉಚಿತ, ದುಡ್ಡು ಕೇಳುವವರು ದಲ್ಲಾಳಿಗಳು. ಆಮೇಲೆ ಎಚ್‌ಒಎ ವರ್ಷಕ್ಕೊಂದು ಸೇವಾ ಕರಾರು ಮಾಡಿಕೊಂಡು ದಳಕ್ಕೆ ದುಡ್ಡು ಕೊಡಲಿ. ನಿಮ್ಮ ಸಿಸಿ ಆ್ಯಂಡ್ ಆರ್ (ಬಡಾವಣೆಯ ನಿಯಮಾವಳಿ) ದಾಖಲೆ ಈ ಖರ್ಚಿಗೆ ಅವಕಾಶ ಕೊಡುತ್ತದೆಯೇ ಎಂದು ವಕೀಲರಿಂದ ಓದಿಸಿ. ಇಲ್ಲವಾದರೆ ಮೊದಲು ಮತ ಹಾಕಿಸಿ ತಿದ್ದಬೇಕು.

ಈಗ ಶುಲ್ಕ. ಬೆಂಕಿಗಿಳಿಯುವಾಗ ತೊಡುವ ಕೋಟು-ಪ್ಯಾಂಟನ್ನು ತಯಾರಾದ 10 ವರ್ಷಕ್ಕೆ ತೆಗೆದುಹಾಕಬೇಕು. ಸೆಟ್ಟಿಗೆ 4,000 ಡಾಲರ್ ಹಿಡಿದರೆ 15 ಜನಕ್ಕೆ 60,000, ವರ್ಷಕ್ಕೆ 6,000. ಅಂದರೆ 200 ಮನೆಗಳಲ್ಲಿ ಮನೆಗೆ 30 ಡಾಲರ್. ಉಸಿರಾಟದ ಗಾಳಿಯ ಕಾರ್ಬನ್ ಫೈಬರ್ ಸಿಲಿಂಡರ್ (ಬಾಳಿಕೆ 15 ವರ್ಷ), ಟ್ರಕ್, ಹೋಸ್ (ನೀರಿನ ಪೈಪು) ಎಲ್ಲಕ್ಕೂ ಹೀಗೇ ಹಂಚಿ ಮೀಸಲು ನಿಧಿಗೆ ಹಾಕಿ. ವಿಮೆ, ಡೀಸೆಲ್, ಪ್ರತಿವರ್ಷದ ಪಂಪ್ ಮತ್ತು ಹೋಸ್ ಪರೀಕ್ಷೆ ಚಾಲ್ತಿ ಖರ್ಚು, ಅದನ್ನು ಮೀಸಲಿನಲ್ಲಿ ಬೆರೆಸಬೇಡಿ. ಪ್ಯಾನ್‌ಕೇಕ್ ನಾಷ್ಟಾ ಮಾಡಿ ಎತ್ತಿದ ದುಡ್ಡನ್ನು ನಂಬಿ ವಿಮೆ ಕಟ್ಟುವುದಂತೂ ಬೇಡವೇ ಬೇಡ. 20,000ದೊಳಗಿನ ಜನಸಂಖ್ಯೆಗೆ ಸೇವೆ ಕೊಡುವ ದಳ ಎಎಫ್‌ಜಿಗೆ ಸೇರಿಸಬೇಕಾದ ಪಾಲು ಅನುದಾನದ 5%: 60,000 ಬಂದರೆ ಕೈಯಿಂದ 3,000.

ಶುಲ್ಕಕ್ಕೆ ನೆರೆಯವರು ಗೊಣಗಿದರೆ ವಿಮೆಯ ಲೆಕ್ಕ ತೋರಿಸಿ. ಮನೆ ವಿಮೆಗಾಗಿ ಊರಿನ ಬೆಂಕಿ ರಕ್ಷಣೆಯನ್ನು ಅಳೆಯುವ ಐಎಸ್‌ಒ ದರ್ಜೆ 1ರಿಂದ 10, 1 ಅತ್ಯುತ್ತಮ, 10 ಅತಿ ಕಳಪೆ. ಮಾನ್ಯ ಠಾಣೆಯಿಂದ ರಸ್ತೆಯಲ್ಲಿ 5 ಮೈಲಿ ಮೀರಿದ ಮನೆ ಸಾಮಾನ್ಯವಾಗಿ 10ಕ್ಕೆ ಬೀಳುತ್ತದೆ.

ಮನೆಗಳು ನೂರರೊಳಗಿದ್ದರೆ ದಳವನ್ನು ನೀವೇ ಸಾಕಬೇಡಿ ಅನ್ನುತ್ತೇನೆ. ಪಕ್ಕದ ಫೈರ್ ಡಿಸ್ಟ್ರಿಕ್ಟ್‌ಗೆ (ಅಗ್ನಿಶಾಮಕ ಸೇವೆಗೆಂದೇ ಇರುವ ಸ್ಥಳೀಯ ಸರ್ಕಾರಿ ಘಟಕ) ಸೇರಿಸಿಕೊಳ್ಳಲು ಕೇಳಿ. ಅದು ಆಸ್ತಿ ತೆರಿಗೆಯಿಂದ ನಡೆಯುತ್ತದೆ, ಅದರ ದುಡ್ಡಿಗೆ ನಿಮ್ಮ ಬೋರ್ಡು ಕೈ ಹಾಕಲಾಗದು.