ಪ್ಲೆಕೋ ಮೊಟ್ಟೆ ಇಡ್ತಿಲ್ವಾ? ಮೊದ್ಲು ಗುಹೆ ಅಳತೆ ನೋಡಿ

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಸಕ್ಕರ್ ಮೀನಿನವೇ (ಗಾಜಿಗೆ ಬಾಯಿ ಅಂಟಿಸ್ಕೊಂಡು ಇರುತ್ತಲ್ಲ, ಪ್ಲೆಕೋ ಅಂತಲೂ ಕರೀತಾರೆ) ಜಾಸ್ತಿ, ಅದಕ್ಕೆ ಬೇರೆ ಎಲ್ಲಾ ಪಕ್ಕಕ್ಕಿಟ್ಟು ಇವನ್ನೇ ಒಟ್ಟಿಗೆ ತಗೊಂಡಿದೀನಿ. ಗೋಲ್ಡ್‌ಫಿಶ್‌ನವರು ಬೇಜಾರಾಗ್ಬೇಡಿ, ಮುಂದಿನ ಸಂಚಿಕೆ ನಿಮ್ದೇ.

ಪ್ರಶ್ನೆ: ಟ್ಯಾಂಕ್ ಕ್ಲೀನ್ ಮಾಡುತ್ತೆ ಅಂತ ಅಂಗಡಿಯವ್ರು ಒಂದು ಸಣ್ಣ ಸಕ್ಕರ್ ಕೊಟ್ಟಿದ್ರು, ಈಗ ಒಂದಡಿ ಆಗಿದೆ. ಜೋಡಿ ಇರ್ಲಿ ಅಂತ ಇನ್ನೊಂದು ತಂದು ಬಿಟ್ಟೆ. ಮೊಟ್ಟೆ ಸುದ್ದಿನೇ ಇಲ್ಲ, ಏನ್ ಮಾಡ್ಬೇಕು? (ಮೈಸೂರು)

ಉತ್ತರ: ಏನೂ ಮಾಡೋಕಾಗಲ್ಲ ಸಾರ್. ಒಂದಡಿ ಬೆಳೆದಿದೆ ಅಂದ್ರೆ ಅದು ಕಾಮನ್ ಪ್ಲೆಕೋ ಇಲ್ಲಾ ಸೈಲ್‌ಫಿನ್. ಬೆನ್ನಿನ ರೆಕ್ಕೆ ಪೂರ್ತಿ ಬಿಚ್ಚಿದಾಗ ಅದರ ಕಡ್ಡಿ ಎಣಿಸಿ ನೋಡಿ, 10 ಅಥವಾ ಅದಕ್ಕಿಂತ ಜಾಸ್ತಿ ಇದ್ರೆ ಟೆರಿಗೊಪ್ಲಿಕ್ತಿಸ್ ಅನ್ನೋ ಗುಂಪಿಂದು ಅಂತ ತಿಳ್ಕೊಳ್ಳಿ. ಇದರ ಗಂಡು ಹೊಳೆ ದಂಡೆಯ ಮಣ್ಣಲ್ಲಿ ಉದ್ದ ಬಿಲ ಕೊರೆದು ಅದರೊಳಗೆ ಕೂತು ಮೊಟ್ಟೆ ಕಾಯೋ ಜಾತಿ, ಗಾಜಿನ ಟ್ಯಾಂಕಲ್ಲಿ ದಂಡೆ ಎಲ್ಲಿಂದ ತರ್ತೀರಾ. ಅಂಗಡಿಗೆ ಬರೋ ಮರಿಗಳೆಲ್ಲ ದೊಡ್ಡ ಮಣ್ಣಿನ ಹೊಂಡಗಳಲ್ಲಿ ಬೆಳೆಸಿದ್ದು. ಇನ್ನು ಜಾಗ ಸಾಲ್ತಿಲ್ಲ ಅಂತ ದಯವಿಟ್ಟು ಕೆರೆಗೆ ಮಾತ್ರ ಬಿಡ್ಬೇಡಿ. ಯಾರೋ ಹಾಗೆ ಬಿಟ್ಟಿದ್ದೇ ಈಗ ನಮ್ಮ ಕಡೆ, ಕೇರಳ, ಆಂಧ್ರದ ಕಡೆ ಕೆರೆಗಳಲ್ಲಿ ಬಲೆಗೆ ಬೀಳ್ತಿರೋದು. ಮೈಯೆಲ್ಲಾ ಗಟ್ಟಿ ಫಲಕ, ರೆಕ್ಕೆಗೆ ಮುಳ್ಳು, ಬಲೆ ಹರಿದು ಹೋಗುತ್ತೆ, ಹಿಡಿದವ್ರಿಗೆ ಮಾರೋಕೂ ಬರಲ್ಲ. ದೊಡ್ಡ ಟ್ಯಾಂಕ್ ಇರೋರಿಗೆ ಕೊಡಿ, ಇಲ್ಲಾ ಅಂಗಡಿಗೇ ವಾಪಸ್ ಕೊಡಿ.

ಪ್ರಶ್ನೆ: ನನ್ ಹತ್ರ ಬ್ರಿಸಲ್‌ನೋಸ್ ಪ್ಲೆಕೋ ಜೋಡಿ ಇದೆ, ಮೂರಡಿ ಟ್ಯಾಂಕ್. ಮಣ್ಣಿನ ಕುಂಡ ಅಡ್ಡ ಮಲಗಿಸಿ ಗುಹೆ ಥರ ಇಟ್ಟಿದೀನಿ, ಫೋಟೋ ಕಳಿಸಿದೀನಿ. ವರ್ಷ ಆಯ್ತು, ಗಂಡು ಒಳಗೆ ಹೋಗುತ್ತೆ ಬರುತ್ತೆ ಅಷ್ಟೇ. ನೀರು ಬೋರ್‌ವೆಲ್‌ದು. (ಹುಬ್ಬಳ್ಳಿ)

ಉತ್ತರ: ಮೀನು ಸರಿಯಾಗೇ ಆರಿಸ್ಕೊಂಡಿದೀರಿ, ಮನೇಲಿ ಮರಿ ಮಾಡ್ಸೋಕೆ ಪ್ಲೆಕೋಗಳಲ್ಲಿ ಇದಕ್ಕಿಂತ ಸುಲಭದ್ದು ಇನ್ನೊಂದಿಲ್ಲ. ಅಂಥದ್ರಲ್ಲೂ ವರ್ಷ ಆದ್ರೂ ಆಗಿಲ್ಲ ಅಂದ್ರೆ ಎರಡೇ ಅನುಮಾನ, ಒಂದು ಜೋಡಿ ಜೋಡಿನೇ ಅಲ್ಲ, ಇಲ್ಲಾ ಗುಹೆ ಸರಿ ಇಲ್ಲ. ಫೋಟೋದಲ್ಲಿ ಒಂದರ ಮೂತಿಯಿಂದ ಹಣೆವರೆಗೂ ಕವಲೊಡೆದ ಮೀಸೆ ಕಾಣ್ತಿದೆ, ಅದು ಗಂಡು. ಇನ್ನೊಂದಕ್ಕೆ ಮೂತಿ ಅಂಚಲ್ಲಿ ಮಾತ್ರ ಚಿಕ್ಕ ಚಿಕ್ಕದು ನಾಲ್ಕು ಇದೆ, ಹಣೆ ಬೋಳು, ಮೇಲಿಂದ ನೋಡಿದ್ರೆ ಹೊಟ್ಟೆ ಅಗಲ, ಅದು ಹೆಣ್ಣೇ. ಹಾಗಾಗಿ ಜೋಡಿ ಓಕೆ.

ಗುಹೆ ಓಕೆ ಅಲ್ಲ. ನಿಮ್ಮ ಕುಂಡದ ಬಾಯಿ ಅಷ್ಟಗಲ ಇದೆ, ಹಿಂದೆ ತೂತು ಬೇರೆ. ಇದ್ರಲ್ಲಿ ಏನಾಗುತ್ತೆ ಅಂದ್ರೆ, ಹೆಣ್ಣು ಒಳಗೆ ಹೋದ್ಮೇಲೆ ಗಂಡು ಹಿಂದಿಂದ ಬಂದು ಬಾಗಿಲಿಗೆ ಅಡ್ಡ ಕೂರ್ಬೇಕು, ಮೊಟ್ಟೆ ಇಡೋವರೆಗೂ ಅವಳನ್ನ ಆಚೆ ಬಿಡಲ್ಲ ಅವನು, ಅದೇ ಇವುಗಳ ಪದ್ಧತಿ. ಗುಹೆ ಅಗಲ ಇದ್ರೆ ಅವಳು ಪಕ್ಕದಿಂದ ನುಸುಳ್ಕೊಂಡು ಹೋಗ್ತಾಳೆ, ಕಥೆ ಮುಗೀತು. ಗಂಡು ಒಳಗೆ ಹೋದಾಗ ಅವನ ಪಕ್ಕದ ರೆಕ್ಕೆಗಳು ಎರಡೂ ಗೋಡೆಗೆ ತಾಗ್ಬೇಕು, ಉದ್ದ ಅವನಿಗಿಂತ ಎರಡು ಮೂರು ಸೆಂಟಿಮೀಟರ್ ಜಾಸ್ತಿ ಸಾಕು, ಹಿಂದಿನ ತುದಿ ಮುಚ್ಚಿರ್ಬೇಕು. 11 ಸೆಂಟಿಮೀಟರ್ ಗಂಡಿಗೆ ಎರಡು ಇಂಚಿನ ಪಿವಿಸಿ ಪೈಪ್ ಆರು ಇಂಚು ಕತ್ತರಿಸಿ ಒಂದು ಕಡೆ ಎಂಡ್ ಕ್ಯಾಪ್ ಹಾಕಿದ್ರೆ ಸಾಕು, ಹಾರ್ಡ್‌ವೇರ್ ಅಂಗಡೀಲಿ ಸಿಗುತ್ತೆ, ಆನ್‌ಲೈನ್‌ನಲ್ಲಿ ಪ್ಲೆಕೋ ಕೇವ್ ಅಂತ ಸಿಕ್ಕಾಪಟ್ಟೆ ರೇಟಿಗೆ ತರಿಸೋ ಅವಶ್ಯಕತೆ ಏನಿಲ್ಲ. ಒಳಗೆ ನುಣುಪಾಗಿದ್ರೆ ಮರಳು ಕಾಗದದಲ್ಲಿ ಸ್ವಲ್ಪ ತಿಕ್ಕಿ ತೊಳೆದು ಹಾಕಿ. ಬಾಯಿ ಲೈಟ್ ಕಡೆ ಬೇಡ, ಕತ್ತಲೆ ಮೂಲೆ, ಫಿಲ್ಟರ್ ನೀರು ಮೆಲ್ಲಗೆ ಹಾದು ಹೋಗೋ ಜಾಗದಲ್ಲಿಡಿ. ಒಂದೇ ಇಡ್ಬೇಡಿ, ಎರಡಿಡಿ, ಅವನೇ ಆರಿಸ್ಕೊಳ್ಳಲಿ.

ಆಮೇಲೆ ಊಟ. ಗಾಜಿನ ಪಾಚಿ ತಿಂದ್ಕೊಂಡೇ ಮೊಟ್ಟೆ ಇಡುತ್ತೆ ಅಂತ ಕೂತ್ರೆ ಆಗಲ್ಲ. ಸೌತೆಕಾಯಿ, ಬಿಸಿ ನೀರಲ್ಲಿ ಅದ್ದಿದ ಪಾಲಕ್, ಬೀನ್ಸ್, ಸಿಪ್ಪೆ ತೆಗೆದ ಬಟಾಣಿ, ಆಲ್ಗೆ ವೇಫರ್, ವಾರಕ್ಕೆ ಎರಡು ಸಲ ಫ್ರೋಜನ್ ಬ್ಲಡ್‌ವರ್ಮ್. ಟ್ಯಾಂಕಿಗೆ ಹಾಕೋ ಮರದ ಕೊರಡು, ಡ್ರಿಫ್ಟ್‌ವುಡ್ ಅಂತಾರೆ, ಒಂದು ತುಂಡು ಇರ್ಲೇಬೇಕು, ರಾತ್ರಿಯೆಲ್ಲಾ ಅದನ್ನ ಕೆರೀತಾ ಇರ್ತವೆ.

ಈಗ ಬೋರ್‌ವೆಲ್ ವಿಷಯ. ಇವು ದಕ್ಷಿಣ ಅಮೆರಿಕದ ಹೊಳೆಗಳ ಮೀನು, ಅಲ್ಲಿ ಮಳೆಗಾಲ ಬಂದಾಗ ನೀರು ಏರಿ, ತಣ್ಣಗಾಗಿ, ಮೆತ್ತಗಾಗುತ್ತೆ, ಅಂದ್ರೆ ಲವಣ ಕಮ್ಮಿ ಆಗುತ್ತೆ, ಅದೇ ಇವಕ್ಕೆ ಸಿಗ್ನಲ್. ಬೋರ್‌ವೆಲ್ ಥರದ ಗಡಸು ನೀರಲ್ಲಿ ಬದುಕ್ತವೆ, ಬ್ರಿಸಲ್‌ನೋಸ್ ಮೊಟ್ಟೆನೂ ಇಟ್ಟುಬಿಡುತ್ತೆ ಒಂದೊಂದ್ಸಲ, ಆದ್ರೆ ನಾವು ಸ್ವಲ್ಪ ತಳ್ಳಬೇಕು. ಎರಡು ವಾರ ನೀರು ಬದಲಾಯಿಸೋದು ಕಮ್ಮಿ ಮಾಡಿ, 27 ಡಿಗ್ರಿ ಇಟ್ಟು ಚೆನ್ನಾಗಿ ತಿನ್ನಿಸಿ. ಆಮೇಲೆ ಒಂದಿನ ಸಂಜೆ ಮೂರರಲ್ಲೊಂದು ಭಾಗ ನೀರು ತೆಗೆದು, ಅರ್ಧ ಬೋರ್‌ವೆಲ್ ಅರ್ಧ ಆರ್‌ಒ ನೀರು ಬೆರೆಸಿ, ಟ್ಯಾಂಕಿಗಿಂತ ಮೂರು ನಾಲ್ಕು ಡಿಗ್ರಿ ತಣ್ಣಗಿರೋದನ್ನ ನಿಧಾನಕ್ಕೆ ಬಿಡಿ. ಎರಡು ದಿನ ಬಿಟ್ಟು ಇನ್ನೊಂದ್ಸಲ, ಮತ್ತೆ ಇನ್ನೊಂದ್ಸಲ. ಆರ್‌ಒ ಇಲ್ದೇ ಇದ್ರೆ ಮಳೆ ನೀರು ಹಿಡೀರಿ, ಆದ್ರೆ ಮೊದಲ ಮಳೇದು ಬೇಡ, ಚಾವಣಿ ತೊಳೆದು ಹೋಗ್ಲಿ. ಹೊರಗೆ ಮೋಡ ಕವಿದು ಜಿಟಿಜಿಟಿ ಹಿಡಿದ ದಿನಗಳಲ್ಲೇ ಮೊಟ್ಟೆ ಇಟ್ವು ಅಂತ ಸಾಕೋರು ತುಂಬ ಜನ ಹೇಳ್ತಾರೆ, ಹಂಗಾಗಿ ಜೂನ್ ಜುಲೈನಲ್ಲೇ ಟ್ರೈ ಮಾಡಿ.

ಆಗಿದ್ಯೋ ಇಲ್ವೋ ಹೆಂಗೆ ಗೊತ್ತಾಗುತ್ತೆ ಅಂದ್ರೆ, ಸೌತೆಕಾಯಿ ಹಾಕಿದ್ರೂ ಗಂಡು ಆಚೆ ಬರಲ್ಲ, ಬಾಲ ಮಾತ್ರ ಬಾಗಿಲಲ್ಲಿ ಆಡ್ತಿರುತ್ತೆ. ಮೆಲ್ಲಗೆ ಟಾರ್ಚ್ ಬಿಟ್ರೆ ಅವನ ಹೊಟ್ಟೆ ಕೆಳಗೆ ಬೂಂದಿ ಲಾಡಿನ ಚೂರು ಥರ ಕಿತ್ತಳೆ ಬಣ್ಣದ ಮೊಟ್ಟೆ ಗೊಂಚಲು ಕಾಣುತ್ತೆ. ಬೆಳಕು ಬಿದ್ದಾಗ ಅವನ ಕಣ್ಣು ಗಮನಿಸಿ, ಪಾಪೆ ಮೇಲಿಂದ ಒಂದು ಸಣ್ಣ ಪರದೆ ಇಳಿದು ಕಣ್ಣು ಅರ್ಧ ಚಂದ್ರನ ಆಕಾರಕ್ಕೆ ಬರುತ್ತೆ, ನೋಡೋಕೆ ಮಜಾ. ನೋಡಿ ಟಾರ್ಚ್ ಆರಿಸಿಬಿಡಿ, ಪದೇ ಪದೇ ಇಣುಕಬೇಡಿ.

ಪ್ರಶ್ನೆ: ಗಂಡು ಮೊಟ್ಟೆಗಳನ್ನ ಗುಹೆಯಿಂದ ಆಚೆ ತಳ್ಳಿಬಿಟ್ಟಿದೆ. ಹೆಣ್ಣು ಬಂದು ನೋಡ್ಕೊಳ್ಳುತ್ತಾ? (ಉಡುಪಿ)

ಉತ್ತರ: ಹೆಣ್ಣಿಗೆ ಮೊಟ್ಟೆ ಇಟ್ಟ ಮೇಲೆ ಸಂಬಂಧ ಇಲ್ಲ, ಬಾಣಂತನ ಎಲ್ಲಾ ಅಪ್ಪಂದೇ. ಮೊದಲನೇ ಸಲ ಅಪ್ಪ ಆಗೋ ಗಂಡುಗಳು ಹೀಗೆ ತಳ್ಳೋದು ಮಾಮೂಲಿ, ಹೊಡೀಬೇಡಿ ಬೈಬೇಡಿ, ಎರಡನೇದೋ ಮೂರನೇದೋ ಸಲ ಕಲೀತಾನೆ. ವಾಪಸ್ ಒಳಗೆ ಹಾಕಿದ್ರೆ ಸಾಮಾನ್ಯವಾಗಿ ಮತ್ತೆ ತಳ್ತಾನೆ. ಗೊಂಚಲನ್ನ ಒಂದು ಬಲೆ ಬಾಕ್ಸಲ್ಲಿ ಅದೇ ಟ್ಯಾಂಕ್ ಒಳಗೇ ನೇತು ಹಾಕಿ, ಪಕ್ಕದಲ್ಲಿ ಗಾಳಿ ಗುಳ್ಳೆ ಬಿಡೋ ಏರ್‌ಸ್ಟೋನ್ ಇಟ್ಟು ಮೊಟ್ಟೆ ಮೆಲ್ಲಗೆ ಅಲುಗಾಡೋ ಹಾಗೆ ಮಾಡಿ. ಬೆಳ್ಳಗಾದ ಮೊಟ್ಟೆ ದಿನಾ ತೆಗೀರಿ, ಒಂದಕ್ಕೆ ಬೂಸ್ಟು ಹತ್ತಿದ್ರೆ ಪಕ್ಕದ್ದಕ್ಕೂ ಹತ್ತುತ್ತೆ. 26 ಡಿಗ್ರಿಯಲ್ಲಿ ಐದಾರು ದಿನಕ್ಕೆ ಒಡೀತವೆ.

ಪ್ರಶ್ನೆ: ಮರಿ ಆಯ್ತು, ಖುಷಿಯಾಗಿದ್ವಿ, ಎರಡು ವಾರ ಆದ್ಮೇಲೆ ದಿನಾ ಎರಡು ಮೂರು ಸಾಯ್ತಿವೆ. (ಬೆಂಗಳೂರು)

ಉತ್ತರ: ಒಡೆದ ಮೇಲೆ ಸುಮಾರು ಒಂದು ವಾರ ಹೊಟ್ಟೇಲಿರೋ ಹಳದಿ ಚೀಲದಲ್ಲೇ ಬದುಕ್ತವೆ, ಆಗ ಏನೂ ಹಾಕ್ಬೇಕಿಲ್ಲ. ಚೀಲ ಖಾಲಿಯಾದ ದಿನದಿಂದ ನೋಡಿ, ಇವು ಹಗಲು ರಾತ್ರಿ ತಿನ್ನೋ ಮೀನು, ಬೆಳಿಗ್ಗೆ ಸಂಜೆ ಚಿಟಿಕೆ ಫುಡ್ ಸಾಲಲ್ಲ. ನಿಮ್ಮ ಮರಿಗಳ ಹೊಟ್ಟೆ ಕೆಳಗಿಂದ ನೋಡಿ, ಗಾಜಿಗೆ ಅಂಟಿದಾಗ ಕಾಣುತ್ತೆ, ಒಳಗೆ ಹೋಗಿ ಬಿಳಿಚಿದ್ರೆ ಹಸಿವು, ದುಂಡಗೆ ಇದ್ದೂ ಸಾಯ್ತಿದ್ರೆ ನೀರಿನ ತೊಂದರೆ. ಸೌತೆಕಾಯಿ ಚೂರು ಯಾವಾಗ್ಲೂ ಇರ್ಲಿ, ಆದ್ರೆ 12 ಗಂಟೆಗೊಮ್ಮೆ ಹೊಸದು ಹಾಕಿ, ಕೊಳೆತ ಸೌತೆಕಾಯಿ ಹಸಿವಿಗಿಂತ ಬೇಗ ಮರಿ ಕೊಲ್ಲುತ್ತೆ. ದಿನಾ ಹತ್ತು ಪರ್ಸೆಂಟ್ ನೀರು ಬದಲಾಯಿಸಿ, ಕಾವೇರಿ ನೀರಾದ್ರೆ ಕ್ಲೋರಿನ್ ತೆಗೆಯೋ ಡೀಕ್ಲೋರಿನೇಟರ್ ಹಾಕದೇ ಬಿಡಲೇಬೇಡಿ. ಪವರ್ ಫಿಲ್ಟರ್ ಇದ್ರೆ ತೆಗೆದು ಸ್ಪಂಜ್ ಫಿಲ್ಟರ್ ಹಾಕಿ. ಸತ್ತಿವೆ ಅಂದ್ಕೊಂಡಿರೋದ್ರಲ್ಲಿ ಕೆಲವು ಫಿಲ್ಟರ್ ಒಳಗಿರಬಹುದು, ಬಿಚ್ಚಿ ನೋಡಿ.

ಪ್ರಶ್ನೆ: ಜೀಬ್ರಾ ಪ್ಲೆಕೋ ಮರಿ ಮಾಡಿ ಮಾರಿದ್ರೆ ಒಳ್ಳೆ ಲಾಭ ಅಂತಾರೆ, ನಿಜಾನಾ? (ತುಮಕೂರು)

ಉತ್ತರ: ರೇಟು ನಿಜ, ಲಾಭ ಗೊತ್ತಿಲ್ಲದೋರ ಮಾತು. ಬ್ರೆಜಿಲ್‌ನ ಶಿಂಗು ನದಿ ಬಿಟ್ಟು ಬೇರೆಲ್ಲೂ ಇಲ್ಲದ ಮೀನು ಅದು, ಅಲ್ಲಿ ಬೆಲೊ ಮಾಂಟೆ ಡ್ಯಾಮ್ ಬಂದು ಅದರ ಜಾಗಕ್ಕೇ ಕುತ್ತು. ಬ್ರಿಸಲ್‌ನೋಸ್ ಒಂದು ಸಲಕ್ಕೆ 50, 100 ಮೊಟ್ಟೆ ಇಟ್ರೆ ಇದು ಹತ್ತೋ ಹದಿನೈದೋ. ಬೆಳೆಯೋದೂ ನಿಧಾನ, 28ರ ಮೇಲೆ ಬಿಸಿ ನೀರು, ಜೋರು ಹರಿವು, ತುಂಬಾ ಆಮ್ಲಜನಕ ಬೇಕು. ಕರೆಂಟ್ ಹೋದ್ರೆ ಮುಗೀತು. ಮೊದ್ಲು ಬ್ರಿಸಲ್‌ನೋಸ್ ಮರಿಗಳನ್ನ ದೊಡ್ಡದು ಮಾಡಿ ತೋರ್ಸಿ, ಆಮೇಲೆ ಮಾತಾಡೋಣ.

ಪ್ರಶ್ನೆ: ನಮ್ಮ ಕಂದು ಗಂಡಿಗೆ ಬಿಳಿ ಅಲ್ಬಿನೋ ಹೆಣ್ಣು ತಂದಿದ್ವಿ, ಮರಿ ಎಲ್ಲಾ ಕಂದೇ ಆಗಿವೆ. ಅದೂ ಅಲ್ದೆ ತಿಂಗಳು ತಿಂಗಳು ಮೊಟ್ಟೆ, ಇಡೋಕೆ ಜಾಗ ಇಲ್ಲ. ನಿಲ್ಲಿಸೋದು ಹೆಂಗೆ? (ಶಿರಸಿ)

ಉತ್ತರ: ಮರಿಗಳಲ್ಲಿ ಬಿಳಿ ಗುಣ ಇದೆ, ಒಳಗೆ ಅಡಗಿದೆ ಅಷ್ಟೇ. ಆ ಮರಿ ದೊಡ್ಡದಾದ್ಮೇಲೆ ಅಲ್ಬಿನೋ ಜೊತೆ ಬಿಟ್ರೆ ಸುಮಾರು ಅರ್ಧ ಬಿಳಿ ಬರ್ತವೆ. ಸದ್ಯಕ್ಕೆ ನಿಮ್ಗೆ ಅದು ಬೇಡ ಬಿಡಿ. ಒಂದು ಇಂಚು, ಒಂದೂವರೆ ಇಂಚು ಆದ ಮರಿಗಳನ್ನ ಅಕ್ವೇರಿಯಂ ಅಂಗಡಿಯವ್ರು ಸಾಮಾನ್ಯವಾಗಿ ತಗೊಳ್ತಾರೆ, ದುಡ್ಡಿನ ಬದಲು ಫುಡ್ಡೋ ಗಿಡನೋ ಕೊಡ್ತಾರೆ. ನಿಲ್ಲಿಸ್ಬೇಕು ಅಂದ್ರೆ ಗುಹೆ ತೆಗೆದಿಡಿ, ಅವಿತ್ಕೊಳ್ಳೋಕೆ ಡ್ರಿಫ್ಟ್‌ವುಡ್ ಮಾತ್ರ ಬಿಡಿ. ಆದ್ರೂ ಮರದ ಸಂದಿಯಲ್ಲೇ ಜಾಗ ಮಾಡ್ಕೊಂಡ್ರೆ ಹೆಣ್ಣನ್ನ ಬೇರೆ ಟ್ಯಾಂಕಿಗೆ ಹಾಕೋದೊಂದೇ ದಾರಿ.