ಮೊದಲು ಗೊತ್ತಾದವಳ ಮೇಲೇ ಹೊರೆ

(ಹಲವು ಪ್ರಕರಣಗಳ ವಿವರ ಬೆರೆಸಿ ಬರೆದಿದ್ದು. ಹೆಸರು, ವಯಸ್ಸು ಕಲ್ಪಿತ.)

ಗಂಗವ್ವ, 23 ವರ್ಷ, ನಾಲ್ಕು ತಿಂಗಳ ಬಸುರಿ, ಬಾಗಲಕೋಟೆ ಕಡೆಯವಳು. ನಮ್ಮ ಐಸಿಟಿಸಿಯಲ್ಲಿ (ಎಚ್‌ಐವಿ ಪರೀಕ್ಷೆ, ಆಪ್ತಸಮಾಲೋಚನೆಯ ಕೇಂದ್ರ) ಮೂರೂ ಕಿಟ್‌ಗಳಲ್ಲಿ ಎಚ್‌ಐವಿ ಪಾಸಿಟಿವ್ ಬಂತು. "ಅವರಿಗೆ ಹೇಳಬ್ಯಾಡ್ರಿ, ಕೊಂದ ಬಿಡ್ತಾರ" ಎಂಬುದೇ ಗಂಡನ ಬಗ್ಗೆ ಅವಳ ಮೊದಲ ಮಾತು.

ಇದನ್ನು ಗಾಬರಿಯ ಮಾತೆಂದು ತಳ್ಳಿಹಾಕಬಾರದು. ಬಸುರಿಯರಿಗೆಲ್ಲ ಪರೀಕ್ಷೆ ಆಗುತ್ತದೆ. ಬಹಳಷ್ಟು ಗಂಡಂದಿರು ಹಾಸಿಗೆ ಹಿಡಿಯುವ ತನಕ ಆಸ್ಪತ್ರೆಗೆ ಬರುವುದಿಲ್ಲ. ಹೀಗಾಗಿ ಸೋಂಕು ಮೊದಲು ಗೊತ್ತಾಗುವುದು ಹೆಂಡತಿಗೆ. ಮೊದಲು ಗೊತ್ತಾದವಳೇ ತಂದವಳು ಎಂದು ಮನೆಯವರು ತೀರ್ಮಾನಿಸುತ್ತಾರೆ.

ಆಕೆಯೊಬ್ಬಳನ್ನೇ ಕೂರಿಸಿಕೊಂಡು, ಬಾಗಿಲು ಹಾಕಿ ಕೇಳಿದ್ದು: ಹೊಡೆಯುತ್ತಾನೆಯೇ? ಬಸುರಾದ ಮೇಲೆ ಹೆಚ್ಚಾಗಿದೆಯೇ? ಕೊಲ್ಲುತ್ತೇನೆ ಎಂದಿದ್ದಾನೆಯೇ? ಕುತ್ತಿಗೆ ಹಿಸುಕಿದ್ದಾನೆಯೇ? ಕೊನೆಯ ಪ್ರಶ್ನೆಗೆ ಅವಳ ಕೈ ತಾನಾಗಿಯೇ ಗಂಟಲಿಗೆ ಹೋಯಿತು. ಒಮ್ಮೆ ಕುತ್ತಿಗೆ ಹಿಸುಕಿದವನು ಮುಂದೆ ಜೀವ ತೆಗೆಯುವ ಅಪಾಯ ಬಹಳ ಹೆಚ್ಚು. ಅಲ್ಲಿಗೆ ಗಂಡನಿಗೆ ಹೇಳುವ ಮಾತನ್ನು ಮುಂದಕ್ಕೆ ಹಾಕಿದೆವು.

ಕಾನೂನೂ ಇದನ್ನೇ ಹೇಳುತ್ತದೆ. 2017ರ ಎಚ್‌ಐವಿ ಕಾಯ್ದೆಯ 9ನೇ ಕಲಂ ಪ್ರಕಾರ ಕೆಲವು ಷರತ್ತುಗಳ ಮೇಲೆ ವೈದ್ಯರು, ಆಪ್ತಸಮಾಲೋಚಕರು ಸಂಗಾತಿಗೆ ತಿಳಿಸಬಹುದು. ಆದರೆ ಹೆಣ್ಣುಮಗಳಿಗೆ ಹೊಡೆತ ಬೀಳುವ, ಮನೆಯಿಂದ ಹೊರಹಾಕುವ ಸಕಾರಣ ಭಯವಿದ್ದರೆ ತಿಳಿಸುವಂತಿಲ್ಲ. "ಗಂಡನಿಗೆ ಹೇಳದಿದ್ದರೆ ನಿನ್ನ ಮೇಲೇ ಕೇಸು" ಎಂದು ಹೆದರಿಸುವ ಸಿಬ್ಬಂದಿ ಈಗಲೂ ಇದ್ದಾರೆ. ಅದು ತಪ್ಪು, ಅಪಾಯಕಾರಿ ಕೂಡ.

ಚಿಕಿತ್ಸೆ ಮಾತ್ರ ಕಾಯುವಂತಿಲ್ಲ. ದಿನಕ್ಕೊಂದು ಟಿಎಲ್‌ಡಿ (ಮೂರು ಎಚ್‌ಐವಿ ಔಷಧಿ ಸೇರಿದ) ಮಾತ್ರೆ ತಡವಿಲ್ಲದೆ ಶುರುವಾಯಿತು. ಅದು ಮಗುವನ್ನು ಕಾಯುತ್ತದೆ, ರಕ್ತದಲ್ಲಿನ ವೈರಸ್ ಪ್ರಮಾಣ (ವೈರಲ್ ಲೋಡ್) ಪತ್ತೆಯಾಗದಷ್ಟು ಇಳಿದ ಮೇಲೆ ಗಂಡನನ್ನೂ ಕಾಯುತ್ತದೆ. ಇಂಥ ಮನೆಯಲ್ಲಿ ಕಾಂಡೋಮ್ ಕೇಳುವುದೇ ಏಟಿಗೆ ಕಾರಣವಾಗಬಹುದು, ಹಾಗಾಗಿ ಒತ್ತಾಯಿಸಲಿಲ್ಲ. ಮಾತ್ರೆ ಎಲ್ಲಿಡುವುದು? ಡಬ್ಬಿಯ ಚೀಟಿ ಕಿತ್ತು, ಒಳಗಿನ ಸಿಲಿಕಾ ಪೊಟ್ಟಣ ಹಾಗೇ ಬಿಟ್ಟು, ಅಲುಗಾಡಿದರೆ ಸದ್ದಾಗದಂತೆ ಹತ್ತಿ ತುಂಬಿ, ಕಬ್ಬಿಣದ ಮಾತ್ರೆಗಳ ಜೊತೆ ಇಟ್ಟಳು. ಇಲ್ಲೊಂದು ಎಚ್ಚರ: ಕಬ್ಬಿಣ, ಕ್ಯಾಲ್ಸಿಯಂ ಎರಡೂ ಟಿಎಲ್‌ಡಿಯಲ್ಲಿರುವ ಡೊಲುಟೆಗ್ರಾವಿರ್ ಎಂಬ ಔಷಧಿ ಮೈಗೆ ಹತ್ತದಂತೆ ತಡೆಯುತ್ತವೆ. ಊಟದ ಜೊತೆಗಾದರೆ ಒಟ್ಟಿಗೆ ನುಂಗಬಹುದು. ಖಾಲಿ ಹೊಟ್ಟೆಯಲ್ಲಾದರೆ ಟಿಎಲ್‌ಡಿಯನ್ನು ಅವಕ್ಕಿಂತ 2 ಗಂಟೆ ಮೊದಲು ಅಥವಾ 6 ಗಂಟೆ ನಂತರ. ರಾತ್ರಿ ರೊಟ್ಟಿ ತಿನ್ನುವಾಗ ಎಂದು ಗೊತ್ತುಮಾಡಿಕೊಂಡಳು.

ಆಧಾರ್ ಕಾರ್ಡ್, ತಾಯಿ ಕಾರ್ಡ್, ಒಂದು ಜೊತೆ ಬಟ್ಟೆ, ಬಸ್ಸಿನ ದುಡ್ಡು ಒಂದು ಚೀಲದಲ್ಲಿ, ತಟ್ಟನೆ ಮನೆ ಬಿಡಬೇಕಾದರೆ ಇರಲೆಂದು, ಅಣ್ಣನ ಮನೆಗೆ ಹೋದವು. ಮಹಿಳಾ ಸಹಾಯವಾಣಿ 181, ತುರ್ತು ಕರೆಯ 112 ಬಾಯಿಪಾಠ ಮಾಡಿಸಿದೆವು. ಮೊಬೈಲಿನಲ್ಲಿ ಬರೆದಿಟ್ಟರೆ ಗಂಡ ನೋಡುತ್ತಾನೆ. ನಾವು ಫೋನ್ ಮಾಡಿದಾಗ ಅವನು ಪಕ್ಕದಲ್ಲಿದ್ದರೆ "ಹೊಲಿಗೆ ಇನ್ನೂ ಆಗಿಲ್ರಿ" ಎಂದು ಇಟ್ಟುಬಿಡಬೇಕು. ನೊಂದ ಹೆಣ್ಣುಮಕ್ಕಳಿಗೆ ನೆರವಾಗುವ ಸಾಂತ್ವನ ಕೇಂದ್ರಕ್ಕೂ ಕರೆದೊಯ್ದೆವು. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಡಿ ರಕ್ಷಣೆ ಕೇಳಲು ಹೊಡೆತದ ವಿಷಯ ಸಾಕು, ಎಚ್‌ಐವಿ ಮಾತೇ ಎತ್ತಬೇಕಿಲ್ಲ. ಇದು ಗೊತ್ತಾದ ಮೇಲೆಯೇ ಅವಳು ಅಲ್ಲಿ ಬಾಯಿ ಬಿಟ್ಟಿದ್ದು.

ಏಳನೇ ತಿಂಗಳಲ್ಲಿ ಅವಳೇ ಕೇಳಿದಳು: "ಅವರನ್ನೂ ಕರಸ್ರಿ." ಬಸುರಿಯರ ಗಂಡಂದಿರಿಗೂ ಪರೀಕ್ಷೆ ಇದ್ದೇ ಇದೆ, ಅದೇ ಹೆಸರಲ್ಲಿ ಕರೆಸಿದೆವು. ಗಂಡನ ಫಲಿತಾಂಶ ನೆಗೆಟಿವ್ ಬಂದರೆ ಅವಳ ವಿಷಯ ಆ ದಿನ ತೆಗೆಯಬಾರದೆಂದು ಮೊದಲೇ ನಿಶ್ಚಯಿಸಿದ್ದೆವು. ದೂರುವುದು, ಹೊಡೆಯುವುದು ಜೋರಾಗುವುದು ಅಂಥ ಹೊತ್ತಿನಲ್ಲೇ. ಅವನದೂ ಪಾಸಿಟಿವ್ ಬಂತು. ಅವನೊಬ್ಬನಿಗೇ ಮೊದಲು ತಿಳಿಸಿ, ಮಾತ್ರೆಯಿಂದ ಬಹುಕಾಲ ಬದುಕಬಹುದೆಂದು ವಿವರಿಸಿ, ಅವನು ಒಪ್ಪಿದ ಮೇಲೆ ಇಬ್ಬರನ್ನೂ ಕೂರಿಸಿದೆವು. ಅವಳ ಕುರ್ಚಿ ಬಾಗಿಲ ಬದಿಗೆ, ಅಣ್ಣ ಹೊರಗೆ. ಯಾರಿಂದ ಬಂತೆಂದು ಅವನು ಮೂರು ಸಲ ಕೇಳಿದ. ಅದನ್ನು ಯಾವ ಪರೀಕ್ಷೆಯೂ ಹೇಳದು ಎಂದು ಮೂರು ಸಲವೂ ಹೇಳಿದೆವು. ಅವಳಿಗೆ ಯಾವಾಗ ಗೊತ್ತಾಯಿತೆಂಬುದನ್ನು ನಾವು ಬಿಟ್ಟುಕೊಡಲಿಲ್ಲ.

ಮುಂದಿನ ಎರಡು ವಾರ ಅವಳು ಅಣ್ಣನ ಮನೆಯಲ್ಲಿದ್ದಳು. ಹೆರಿಗೆಯಾಗಿ 6 ವಾರಕ್ಕೆ ಮಗುವಿನ ಡಿಬಿಎಸ್ (ಒಣಗಿಸಿದ ರಕ್ತದ ಹನಿಯ ಎಚ್‌ಐವಿ ಪರೀಕ್ಷೆ) ನೆಗೆಟಿವ್; 18 ತಿಂಗಳ ಪರೀಕ್ಷೆ ಬಾಕಿಯಿದೆ. ಗಂಡ ಮಾತ್ರೆ ತಗೊಳ್ಳುತ್ತಿದ್ದಾನೆ. ಅವಳ ಚೀಲ ಇನ್ನೂ ಅಣ್ಣನ ಮನೆಯಲ್ಲೇ ಇದೆ, ತರಬೇಡ ಎಂದಿದ್ದೇವೆ.