ಬ್ರೇಕ್ ಪೆಡಲ್ ಮೆಲ್ಲಗೆ ಒಳಗಿಳಿಯುತ್ತಿದೆ, ಓಡಿಸಬಹುದಾ?
ಪ್ರಶ್ನೆ: ಕಾರು ತಗೊಂಡು 4 ತಿಂಗಳು. ಬೆಳಿಗ್ಗೆ ಮೊದಲ ಸಲ ಬ್ರೇಕ್ ಒತ್ತಿದರೆ ಕರಕರ ಸದ್ದು. ಈಗ ಸಿಗ್ನಲ್‌ನಲ್ಲಿ ಒತ್ತಿ ಹಿಡಿದರೆ ಪೆಡಲ್ ನೆಲದ ತನಕ ಇಳಿಯುತ್ತದೆ. ಸರ್ವೀಸ್‌ನವರು ‘ಹೊಸದು, ಸರಿಹೋಗುತ್ತೆ’ ಅಂದರು. ಹೌದಾ?

ಉತ್ತರ: ಸದ್ದಿಗೆ ಹೆದರಬೇಡಿ. ರಾತ್ರಿಯ ತೇವಕ್ಕೆ ಚಕ್ರದ ಜೊತೆ ತಿರುಗುವ ಬ್ರೇಕ್ ಡಿಸ್ಕ್ ಮೇಲೆ ತೆಳುವಾಗಿ ತುಕ್ಕು ಕಟ್ಟಿರುತ್ತದೆ, ನಾಲ್ಕಾರು ಸಲ ಬ್ರೇಕ್ ಹಾಕಿದರೆ ಪ್ಯಾಡ್ ಅದನ್ನು ಉಜ್ಜಿ ತೆಗೆಯುತ್ತದೆ. ಪೆಡಲ್ ಇಳಿಯೋದು ಮಾತ್ರ ಬೇರೆ ವಿಷಯ, ತಾನಾಗಿ ಸರಿಹೋಗಲ್ಲ. ಎಲ್ಲೋ ಬ್ರೇಕ್ ಆಯಿಲ್ ಸೋರುತ್ತಿರಬಹುದು, ಇಲ್ಲವೇ ಪೆಡಲ್ ಒತ್ತಿದಾಗ ಆಯಿಲ್‌ಗೆ ಒತ್ತಡ ಕೊಡುವ ಮಾಸ್ಟರ್ ಸಿಲಿಂಡರ್‌ನ ಸೀಲ್ ಒತ್ತಡ ಹಿಡಿಯದೆ ಒಳಗೊಳಗೇ ಬಿಡುತ್ತಿರಬಹುದು, ಆಗ ಡಬ್ಬಿಯಲ್ಲಿ ಆಯಿಲ್ ಮಟ್ಟ ಸರಿಯಾಗೇ ಕಾಣುತ್ತದೆ. ಹಾಗಾಗಿ ಮಟ್ಟ ನೋಡಿ ಸಮಾಧಾನ ಮಾಡ್ಕೋಬೇಡಿ. ದಯವಿಟ್ಟು ಇವತ್ತಿನಿಂದಲೇ ಓಡಿಸೋದು ನಿಲ್ಲಿಸಿ, ಟೋ ಮಾಡಿಸಿ. ವಾರಂಟಿ ಇದೆ ಅಲ್ವಾ? ದೂರನ್ನು ಸರ್ವೀಸ್‌ನವರು ಕೆಲಸ ಬರೆದುಕೊಳ್ಳುವ ಜಾಬ್ ಕಾರ್ಡ್‌ನಲ್ಲಿ ನಿಮ್ಮ ಮಾತಲ್ಲೇ ಬರೆಸಿ, ಒಂದು ಪ್ರತಿ ಇಟ್ಟುಕೊಳ್ಳಿ.